ಕಾಡಿನ ನಡಿಗೆಗೆ ಬಯಲಿನ ಸಾಕ್ಷಿ

ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ವನ್ನು ಕೈಗೆತ್ತಿಕೊಂಡವರು ಮುಗಿಸದೆ ಕೆಳಗಿಡುವುದು ಕಡಿಮೆ. ಮುಗಿಸಿದ ಮೇಲೆ ಮಾತ್ರ ಓದುಗರು ಎರಡು ಬಣವಾಗುತ್ತಾರೆ. ಕಥೆ ಇಷ್ಟು: ಪೋಲೆಂಡಿನ ಅಶ್ವದಳದ ತರುಣ ಅಧಿಕಾರಿ ಸ್ಲಾವೊಮಿರ್ ರಾವಿಚ್ 1939ರಲ್ಲಿ ಸೋವಿಯತ್ ಗುಪ್ತ ಪೊಲೀಸರ ಕೈಗೆ ಸಿಕ್ಕುತ್ತಾನೆ. ಚಿತ್ರಹಿಂಸೆ, ವಿಚಾರಣೆಯ ನಾಟಕ, 25 ವರ್ಷಗಳ ಶಿಕ್ಷೆ, ಸೈಬೀರಿಯಾದ ಒಂದು ದುಡಿಮೆ ಶಿಬಿರ. 1941ರ ಏಪ್ರಿಲ್‌ನಲ್ಲಿ ಹಿಮಗಾಳಿ ಬೀಸುತ್ತಿದ್ದ ರಾತ್ರಿ ಆರು ಮಂದಿ ಸಂಗಾತಿಗಳೊಂದಿಗೆ ತಂತಿಬೇಲಿ ದಾಟುತ್ತಾನೆ. ಹಗಲು ಅಡಗಿ ರಾತ್ರಿ ನಡೆದು, ಕೊನೆಯಿಲ್ಲದ ಕಾಡಿನ ನಡುವೆ ಲೇನಾ ನದಿ ದಾಟಿ ಬೈಕಲ್ ಸರೋವರ ಸೇರುತ್ತಾರೆ. ಅಲ್ಲಿ ಕ್ರಿಸ್ಟಿನಾ ಎಂಬ ಹುಡುಗಿ ಜೊತೆಗೂಡುತ್ತಾಳೆ. ಮಂಗೋಲಿಯಾ, ಗೋಬಿ ಮರುಭೂಮಿ, ಟಿಬೆಟ್, ಕೊನೆಗೆ ಹಿಮಾಲಯ. 1942ರಲ್ಲಿ ಭಾರತದ ನೆಲ ಮುಟ್ಟುವ ಹೊತ್ತಿಗೆ ಉಳಿದವರು ನಾಲ್ವರು, ನಡೆದ ದಾರಿ ಸುಮಾರು 6,400 ಕಿಲೋಮೀಟರು. 1956ರಲ್ಲಿ ಇಂಗ್ಲಿಷಿನಲ್ಲಿ ‘ದಿ ಲಾಂಗ್ ವಾಕ್’ ಎಂಬ ಹೆಸರಿನಿಂದ ಬಂದ ಈ ಪುಸ್ತಕ ಕಾದಂಬರಿಯೆಂದು ಬರಲಿಲ್ಲ, ಆತ್ಮಕಥೆಯೆಂದು ಬಂತು. ಓದುಗರು ಒಡೆಯುವುದು ಇದೇ ಜಾಗದಲ್ಲಿ. ಇದು ನಡೆದದ್ದೋ ಅಲ್ಲವೋ ಎಂಬುದು ನಮಗೆ ಬೇಡ, ಬದುಕುವ ಛಲ ಕಲಿಸುತ್ತದಲ್ಲ, ಸಾಕು ಎನ್ನುತ್ತದೆ ಒಂದು ಬಣ. ನಡೆಯದ್ದನ್ನು ನಡೆದದ್ದೆಂದು ಹೇಳಿ ನಮ್ಮ ಕಣ್ಣೀರು ಪಡೆದದ್ದು ಮೋಸ ಎನ್ನುತ್ತದೆ ಇನ್ನೊಂದು.

ಈ ಜಗಳವನ್ನು ಬೆಂಗಳೂರು, ಮೈಸೂರುಗಳ ಸಾಹಿತ್ಯ ವಲಯಕ್ಕೆ ಬಿಟ್ಟುಕೊಡಬೇಕಾಗಿಲ್ಲ. ಕಾಡಿನ ಕಥೆಯ ಮೇಲೆ ತೀರ್ಪು ಹೇಳುವ ಹಕ್ಕು ಮಲೆನಾಡಿನವರದು, ಬಯಲುಸೀಮೆಯವರದು ಬರೀ ಬೆರಗು ಎಂಬ ಎಣಿಕೆಯೊಂದು ನಮ್ಮಲ್ಲಿದೆ. ಜೇವರ್ಗಿಯ ಓದುಗನಿಗೆ ಕಾಡಿನ ಪರಿಚಯ ಕಡಿಮೆ ಎಂಬುದು ಸರಿಯೇ. ಕಲಬುರಗಿ ಜಿಲ್ಲೆಯಲ್ಲಿ ಕಾಡು ಎನ್ನಬಹುದಾದದ್ದು ಮುಖ್ಯವಾಗಿ ಚಿಂಚೋಳಿಯ ಕಡೆಗಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಅದರ ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರು. ಜೇವರ್ಗಿ, ಅಫಜಲಪುರ, ಆಳಂದಗಳೆಂದರೆ ಎರೆಹೊಲ, ತೊಗರಿ, ಹಿಂಗಾರಿ ಜೋಳ, ಬದುವಿನ ಮೇಲೊಂದು ಬೇವು, ಬನ್ನಿ, ಹಳ್ಳದ ದಂಡೆಗೆ ಜಾಲಿ. ಕಣ್ಣು ಹಾಯಿಸಿದಷ್ಟೂ ಆಕಾಶದ ಅಂಚು ಕಾಣುವ ನೆಲ. ಹೀಗಿದ್ದೂ, ಅಥವಾ ಹೀಗಿರುವುದರಿಂದಲೇ, ‘ಮಹಾಪಲಾಯನ’ದ ಸತ್ಯಾಸತ್ಯವನ್ನು ತೂಗಲು ಈ ನೆಲದ ಓದುಗನಿಗೆ ಇರುವ ಅರ್ಹತೆ ಬೇರೆ ಯಾರಿಗೂ ಕಡಿಮೆಯಿಲ್ಲ ಎಂಬುದು ನನ್ನ ವಾದ. ಆ ಪುಸ್ತಕ ಕಾಡಿನಲ್ಲಿ ಗಟ್ಟಿಯಾಗಿ ನಿಂತಿದೆ, ಬಯಲಿನಲ್ಲಿ ಎಡವಿದೆ. ಎಡವಿದ್ದನ್ನು ಮೊದಲು ಗುರುತಿಸಬಲ್ಲವರು ಬಯಲಿನವರು.

ಮೊದಲು ಕಾಡಿನ ಭಾಗವನ್ನೇ ನೋಡೋಣ, ಏಕೆಂದರೆ ಪುಸ್ತಕದ ಬಲವೂ ಅಲ್ಲಿಯೇ ಇದೆ. ಸೈಬೀರಿಯಾದ ಆ ನಡಿಗೆಯಲ್ಲಿ ಭಯ ಹುಟ್ಟುವುದು ಬೆನ್ನಟ್ಟಿ ಬರುವ ಪೊಲೀಸರಿಂದ ಮಾತ್ರವಲ್ಲ. ಕೈಯಲ್ಲಿರುವುದು ಒಂದು ಕೊಡಲಿ, ಒಂದು ಚಾಕು. ಬೆಂಕಿ ಹಚ್ಚಿದರೆ ಹೊಗೆ ಕಾಣುತ್ತದೆ, ಹಚ್ಚದಿದ್ದರೆ ಬೆರಳು ಸೆಟೆಯುತ್ತವೆ. ಹೆಜ್ಜೆ ಗುರುತನ್ನು ಹಿಮ ಮುಚ್ಚಬೇಕು, ಅದೇ ಹಿಮ ದಾರಿಯನ್ನೂ ಮುಚ್ಚಿಬಿಡಬಾರದು. ಇಂಥಲ್ಲಿ ಪ್ರತಿಯೊಂದು ಆಯ್ಕೆಗೂ ಕಾಡೇ ಷರತ್ತು ಹಾಕುತ್ತದೆ. ಮರವನ್ನೇ ಹೆಚ್ಚು ಕಾಣದ ಊರಿನ ಓದುಗ ಕೂಡ ನಾಲ್ಕು ಅಧ್ಯಾಯ ಕಳೆಯುವುದರೊಳಗೆ, ಇವತ್ತು ಇವರು ಬೆಂಕಿ ಹಚ್ಚಬಾರದಿತ್ತು ಎಂದು ತಾನೇ ಹೇಳಿಕೊಳ್ಳುವಷ್ಟು ಕಲಿತಿರುತ್ತಾನೆ. ಒಳ್ಳೆಯ ರೋಚಕ ಕಥೆಯ ಲಕ್ಷಣ ಇದೇ ಎಂದು ನಾನು ತಿಳಿಯುತ್ತೇನೆ. ಮುಂದೇನಾಗುತ್ತದೋ ಎಂಬ ಕುತೂಹಲವನ್ನು ಲೇಖಕ ಅಡಗಿಸಿಟ್ಟ ಗುಟ್ಟಿನಿಂದ ಹುಟ್ಟಿಸಬಹುದು, ಆ ನೆಲದ ಕಟ್ಟುಪಾಡಿನಿಂದಲೂ ಹುಟ್ಟಿಸಬಹುದು. ಎರಡನೆಯದು ಓದುಗನನ್ನು ಬೆಳೆಸುತ್ತದೆ. ರೋಚಕತೆ ಎಂದೊಡನೆ ಮೂಗು ಮುರಿಯುವ ವಿಮರ್ಶೆ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಅನ್ಯಾಯ ಮಾಡಿದೆ.

ಇನ್ನು ಗೋಬಿಯ ಭಾಗಕ್ಕೆ ಬರೋಣ. ಕಾಡು ಮುಗಿದು ಮರಳು ಶುರುವಾದೊಡನೆ ಪುಸ್ತಕ ಇನ್ನೊಂದು ಬಗೆಯ ಮಾತಾಡತೊಡಗುತ್ತದೆ. ಬೇಸಿಗೆಯ ಮರುಭೂಮಿಯಲ್ಲಿ, ನೀರು ತುಂಬಿಕೊಳ್ಳಲು ತಕ್ಕ ಪಾತ್ರೆಯೂ ಇಲ್ಲದೆ, ಈ ಜನ ದಿನಗಟ್ಟಲೆ ನೀರಿಲ್ಲದೆ ನಡೆಯುತ್ತಾರೆ. ಹಾವು ಹಿಡಿದು ತಿನ್ನುತ್ತಾರೆ. ಕ್ರಿಸ್ಟಿನಾ ಸಾಯುತ್ತಾಳೆ, ಇನ್ನೊಬ್ಬನೂ ಸಾಯುತ್ತಾನೆ, ಉಳಿದವರು ನಡೆಯುತ್ತಲೇ ಇರುತ್ತಾರೆ. ಇಲ್ಲಿ ಜೇವರ್ಗಿಯ ಓದುಗ ಪುಸ್ತಕವನ್ನು ಮಡಚಿ ಯೋಚಿಸಬೇಕು. ಮೇ ತಿಂಗಳಲ್ಲಿ ಉಷ್ಣಾಂಶ 42–43 ಡಿಗ್ರಿಗೆ ಏರುವ, ಭೀಮೆಯ ಮಡುಗಳು ಇಂಗಿ ಮರಳು ಮೇಲೇಳುವ, ಟ್ಯಾಂಕರ್ ಬಾರದ ದಿನ ಕೊಡಗಳ ಸಾಲು ಬೀದಿ ತುಂಬುವ ಸೀಮೆ ಇದು. ಬಿಸಿಲಲ್ಲಿ ದುಡಿಯುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ನೆರಳಲ್ಲಿ ಸುಮ್ಮನೆ ಮಲಗಿದವನೇ ನೀರಿಲ್ಲದೆ ಮೂರು ನಾಲ್ಕು ದಿನ ತಾಳುವುದು ಕಷ್ಟ, ಅಂಥ ಬಿಸಿಲಲ್ಲಿ ನಡೆಯುವವನು ಅಷ್ಟೂ ತಾಳಲಾರ. ಹೊಲಕ್ಕೆ ಹೋಗುವಾಗ ನೀರಿನ ತತ್ರಾಣಿ ಅಥವಾ ಬಾಟಲಿ ಮರೆತವನ ಮಧ್ಯಾಹ್ನ ಹೇಗಿರುತ್ತದೆ ಎಂಬುದನ್ನು ಇಲ್ಲಿನ ರೈತನಿಗೆ ವೈದ್ಯಶಾಸ್ತ್ರ ಹೇಳಿಕೊಡಬೇಕಾಗಿಲ್ಲ. ತಲೆ ಸುತ್ತು, ಬಾಯಿ ಅಂಟು, ಮಾತು ತಪ್ಪುವುದು, ಆಮೇಲೆ ಬೆವರೇ ನಿಲ್ಲುವುದು. ಅಲ್ಲಿಂದ ಮುಂದೆ ಛಲದ ಆಟ ನಡೆಯುವುದಿಲ್ಲ. ಹಸಿವನ್ನು ಮನಸ್ಸು ಒಂದಷ್ಟು ದಿನ ಗೆಲ್ಲಬಹುದು, ಬಾಯಾರಿಕೆಯನ್ನು ಗೆಲ್ಲಲಾರದು.

ಅಂದರೆ ಪುಸ್ತಕದ ಒಳಗೇ ಒಂದು ಬಿರುಕಿದೆ. ಕಾಡಿನಲ್ಲಿ ನೆಲದ ನಿಯಮಕ್ಕೆ ತಲೆಬಾಗಿದ ಕಥೆ, ಮರಳಿನಲ್ಲಿ ಆ ನಿಯಮವನ್ನು ಮುರಿದು ಕಥಾನಾಯಕರನ್ನು ಉಳಿಸಿಕೊಳ್ಳುತ್ತದೆ. ಈ ಬಿರುಕನ್ನು ಹೊರಗಿನಿಂದ ನೋಡಿದವರೂ ಇದ್ದರು. ಪುಸ್ತಕ ಹೊರಬಂದ ಕಾಲದಿಂದಲೂ ಅನುಮಾನ ಎತ್ತಿದವರಲ್ಲಿ ಮಧ್ಯ ಏಷ್ಯಾವನ್ನು ಸುತ್ತಿದ್ದ ಪೀಟರ್ ಫ್ಲೆಮಿಂಗ್, ಹಿಮಾಲಯದ ಆರೋಹಿ ಎರಿಕ್ ಶಿಪ್ಟನ್, ಲಾಸಾದಲ್ಲಿ ಬ್ರಿಟಿಷ್ ರಾಜತಾಂತ್ರಿಕರಾಗಿದ್ದ ಹ್ಯೂ ರಿಚರ್ಡ್‌ಸನ್ ಸೇರಿದ್ದಾರೆ. ಮೂವರೂ ಆ ನೆಲಗಳನ್ನು ಬಲ್ಲವರು, ಗ್ರಂಥಾಲಯದಲ್ಲಿ ಕುಳಿತು ತಪ್ಪು ಹುಡುಕಿದವರಲ್ಲ. ಹಿಮಾಲಯದ ಇಳಿಜಾರಿನಲ್ಲಿ ಮನುಷ್ಯನಂತೆ ನಿಂತು ನಡೆಯುವ ಎರಡು ದೈತ್ಯ ಪ್ರಾಣಿಗಳನ್ನು ಕಂಡೆವು ಎಂಬ ಮೂಲದ ಪ್ರಸಂಗವಂತೂ ಅವರ ಅನುಮಾನಕ್ಕೆ ಇನ್ನಷ್ಟು ಬಲ ಕೊಟ್ಟಿತು. ಈ ಪುಸ್ತಕವನ್ನು ರಾವಿಚ್ ಬಾಯಲ್ಲಿ ಕೇಳಿ ಬರೆದುಕೊಂಡವರು ರೊನಾಲ್ಡ್ ಡೌನಿಂಗ್ ಎಂಬ ಪತ್ರಕರ್ತರು. ಅವರು ರಾವಿಚ್‌ನನ್ನು ಹುಡುಕಿಕೊಂಡು ಹೋದದ್ದೇ ಹಿಮಮಾನವನ ಸುದ್ದಿಯ ಬೆನ್ನು ಹತ್ತಿ. ಕಥೆ ಹುಟ್ಟಿದ ಗಳಿಗೆಯಲ್ಲೇ ರೋಚಕತೆಯ ಬೇಡಿಕೆ ಬಾಗಿಲಲ್ಲಿ ನಿಂತಿತ್ತು ಎಂಬುದನ್ನು ಓದುಗರು ಮರೆಯಬಾರದು.

ಅನುಮಾನ ದಾಖಲೆಯಾಗಿ ಬದಲಾದದ್ದು 2006ರಲ್ಲಿ. ರಾವಿಚ್ ತೀರಿಕೊಂಡು ಎರಡು ವರ್ಷವಾಗಿತ್ತು. ಬಿಬಿಸಿ ರೇಡಿಯೊ 4ಕ್ಕಾಗಿ ಹ್ಯೂ ಲೆವಿನ್‌ಸನ್ ಮಾಡಿದ ಕಾರ್ಯಕ್ರಮದಲ್ಲಿ ಸೋವಿಯತ್ ಮತ್ತು ಪೋಲಿಷ್ ಕಡತಗಳು ಹೊರಬಿದ್ದವು. ಅವುಗಳ ಪ್ರಕಾರ ರಾವಿಚ್ ಶಿಬಿರದಿಂದ ತಪ್ಪಿಸಿಕೊಂಡವನಲ್ಲ, ಬಿಡುಗಡೆಯಾದವನು. 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ದೇಶದ ಮೇಲೆ ದಾಳಿ ಮಾಡಿದ ಮೇಲೆ ಸ್ಟಾಲಿನ್‌ಗೆ ಪೋಲಿಷರ ಗೆಳೆತನ ಬೇಕಾಯಿತು. ಜುಲೈ 30ರಂದು ಒಪ್ಪಂದವಾಗಿ ಪೋಲಿಷ್ ಕೈದಿಗಳಿಗೆ ಕ್ಷಮಾದಾನ ಘೋಷಣೆಯಾಯಿತು. ಬಿಡುಗಡೆಯಾದವರಿಂದ ಸೇನಾಪತಿ ಆಂಡರ್ಸ್ ಕಟ್ಟಿದ ಸೈನ್ಯ 1942ರಲ್ಲಿ ಇರಾನಿಗೆ ದಾಟಿತು. ರಾವಿಚ್ ಹೆಸರು ಸಿಕ್ಕಿದ್ದು ಈ ಸೈನ್ಯದ ಕಡತದಲ್ಲಿ. ಪುಸ್ತಕದಲ್ಲಿ ಅವನು ಹಿಮಾಲಯ ಇಳಿದ ವರ್ಷವೂ, ಕಡತದಲ್ಲಿ ಇರಾನಿಗೆ ಹೋದ ವರ್ಷವೂ ಒಂದೇ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. 2010ರಲ್ಲಿ ಇದೇ ಕಥೆಯಿಂದ ‘ದಿ ವೇ ಬ್ಯಾಕ್’ ಸಿನಿಮಾ ಮಾಡಿದ ಪೀಟರ್ ವಿಯರ್ ನಾಯಕನಿಗೆ ರಾವಿಚ್ ಹೆಸರು ಇಡಲಿಲ್ಲ, ಬೇರೆ ಹೆಸರು ಕೊಟ್ಟರು. ನಿರ್ದೇಶಕ ತೋರಿದ ಈ ಎಚ್ಚರ ಮೆಚ್ಚತಕ್ಕದ್ದು.

ಪುಸ್ತಕದ ಪರವಾಗಿರುವವರ ಮಾತನ್ನು ಇಲ್ಲಿ ಪೂರ್ತಿ ಕೇಳಬೇಕು, ಅದರಲ್ಲಿ ಹುರುಳಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತೆಯಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿಯಾಗಿದ್ದ ರೂಪರ್ಟ್ ಮೇನ್, ಸೈಬೀರಿಯಾದಿಂದ ನಡೆದು ಬಂದೆವು ಎಂದ ಮೂವರು ಬಡಕಲು ಜನರನ್ನು 1942ರಲ್ಲಿ ತಾನು ವಿಚಾರಿಸಿದ್ದಾಗಿ ಹೇಳಿದ್ದರು. 2009ರಲ್ಲಿ ಬ್ರಿಟನ್ನಿನಲ್ಲಿ ನೆಲಸಿದ್ದ ವಿಟೋಲ್ಡ್ ಗ್ಲಿನ್ಸ್ಕಿ ಎಂಬ ಪೋಲಿಷ್ ಹಿರಿಯರು, ಆ ನಡಿಗೆ ತಮ್ಮದು, ರಾವಿಚ್ ಅದನ್ನು ತನ್ನದೆಂದು ಹೇಳಿಕೊಂಡ ಎಂದರು. ಹಾಗಾದರೆ ಯಾರೋ ನಡೆದಿದ್ದಾರೆ, ನಡೆದವರ ಹೆಸರು ತಪ್ಪಾಗಿದೆ ಅಷ್ಟೇ ಎಂದು ವಾದಿಸಬಹುದು. ಆದರೆ ಮೇನ್ ಹೇಳಿದ ಮೂವರಿಗೆ ಹೆಸರಿಲ್ಲ, ಗ್ಲಿನ್ಸ್ಕಿಯವರ ಮಾತನ್ನೂ ಹಲವರು ಪ್ರಶ್ನಿಸಿದ್ದಾರೆ. ಅವೆರಡನ್ನೂ ಒಪ್ಪಿಕೊಂಡರೂ ಗೋಬಿಯ ಬಾಯಾರಿಕೆ ಹಾಗೆಯೇ ಉಳಿಯುತ್ತದೆ. ಒಬ್ಬನ ಮೈ ತಾಳಲಾರದ್ದನ್ನು ಇನ್ನೊಬ್ಬನ ಹೆಸರಿಗೆ ವರ್ಗಾಯಿಸಿದ ಮಾತ್ರಕ್ಕೆ ಅದು ಸಾಧ್ಯವಾಗುವುದಿಲ್ಲ. ಸೈಬೀರಿಯಾದಿಂದ ಯಾರಾದರೂ ತಪ್ಪಿಸಿಕೊಂಡಿರಬಹುದು ಎಂಬ ಸಾಧ್ಯತೆ ಬೇರೆ, ಈ ಪುಟಗಳಲ್ಲಿರುವ ನಡಿಗೆ ನಡೆಯಿತು ಎಂಬ ಹೇಳಿಕೆ ಬೇರೆ.

ಇನ್ನೂ ಬಲವಾದ ಆಕ್ಷೇಪ ಇನ್ನೊಂದಿದೆ. ಸಾಹಿತ್ಯಕ್ಕೆ ಕಡತದ ಸತ್ಯ ಏಕೆ ಬೇಕು? ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ ಸೋತು ಕುಳಿತಾಗ ಈ ಪುಸ್ತಕ ಅವನನ್ನು ಎಬ್ಬಿಸಿ ನಿಲ್ಲಿಸಿದರೆ ಅದರ ಕೆಲಸ ಆಯಿತಲ್ಲ? ಈ ಮಾತಿಗೆ ತೇಜಸ್ವಿಯವರ ಇನ್ನೊಂದು ಪುಸ್ತಕವೇ ಉತ್ತರ ಕೊಡುತ್ತದೆ. 1980ರ ‘ಕರ್ವಾಲೊ’ ಕಾದಂಬರಿ, ಅದು ತನ್ನನ್ನು ಕಾದಂಬರಿಯೆಂದೇ ಕರೆದುಕೊಂಡಿದೆ. ಮೂಡಿಗೆರೆಯ ವಿಜ್ಞಾನಿ ಕರ್ವಾಲೊ, ಜೇನು ಬಲ್ಲ ಹಳ್ಳಿಗ ಮಂದಣ್ಣ, ಫೋಟೊ ತೆಗೆಯುವ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಎಂಗ್ಟ, ಕಿವಿ ಎಂಬ ನಾಯಿ, ಇವರೆಲ್ಲ ಹಾರುವ ಓತಿಯೊಂದನ್ನು ಹುಡುಕಿಕೊಂಡು ದಟ್ಟ ಕಾಡಿಗೆ ಹೋಗುತ್ತಾರೆ. ಆ ಕಾದಂಬರಿಯ ಬಗ್ಗೆಯೂ ಓದುಗರಲ್ಲಿ ಭಿನ್ನಾಭಿಪ್ರಾಯವಿದೆ. ಅಷ್ಟು ಪಾಡುಪಟ್ಟು ಹುಡುಕಿದ ಓತಿ ಕೊನೆಗೆ ಕಣಿವೆಯ ಆಳಕ್ಕೆ ತೇಲಿ ಹೋಗಿಬಿಡುವುದು ಕೆಲವರಿಗೆ ನಿರಾಸೆ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಹಾರುವ ಓತಿ ಇವತ್ತಿಗೂ ಕಾಣಸಿಗುವಾಗ ಅದರ ಸುತ್ತ ಇಷ್ಟೊಂದು ರಹಸ್ಯ ಕಟ್ಟಬೇಕಿತ್ತೇ ಎಂದು ಪ್ರಾಣಿಶಾಸ್ತ್ರ ಬಲ್ಲ ಓದುಗರು ಕೇಳುತ್ತಾರೆ. ಆದರೂ ‘ಕರ್ವಾಲೊ’ ಓದಿ ಮೋಸಹೋದೆ ಎನ್ನುವವರು ಸಿಕ್ಕುವುದಿಲ್ಲ. ಉದ್ದನೆಯ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ತೇಲುವ ಓತಿ ನಿಜ. ಓದುಬರಹದ ಹಂಗಿಲ್ಲದೆ ಕಾಡನ್ನು ಓದುವ ಮಂದಣ್ಣನಂಥವರು ನಿಜ. ಕಟ್ಟುಕಥೆಯೆಂದು ಒಪ್ಪಿಕೊಂಡ ಬರಹ ಜೀವಿಗಳ ನಡತೆಯ ವಿಷಯದಲ್ಲಿ ಪ್ರಾಮಾಣಿಕವಾಗಿದೆ. ನಡೆದದ್ದೆಂದು ಹೇಳಿಕೊಂಡ ಬರಹ ಬಾಯಾರಿಕೆಯ ವಿಷಯದಲ್ಲಿ ಪ್ರಾಮಾಣಿಕವಾಗಿಲ್ಲ. ಛಲ ಕಲಿಸಲು ಕಾದಂಬರಿ ಸಾಕಾಗಿತ್ತು. ಆತ್ಮಕಥೆ ಎಂಬ ಮುದ್ರೆ ಒತ್ತಿದ್ದರಿಂದ ಹೆಚ್ಚಿಗೆ ಸಿಕ್ಕಿದ್ದು ಓದುಗನ ನಂಬಿಕೆ. ಅದನ್ನು ಕೇಳಿ ಪಡೆದವನು ಲೆಕ್ಕ ಕೊಡಬೇಕು.

ನಿಜವೂ ಇರಬೇಕು, ರೋಚಕವೂ ಇರಬೇಕು ಎಂದರೆ ಆಗುವ ಮಾತೇ ಎಂದು ಕೇಳುವವರಿಗೆ ಜಿಮ್ ಕಾರ್ಬೆಟ್ ಇದ್ದಾರೆ. ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥೆಯನ್ನೂ ತೇಜಸ್ವಿಯವರೇ ಕನ್ನಡಕ್ಕೆ ತಂದಿದ್ದಾರೆ. 1918ರಿಂದ 1926ರವರೆಗೆ ಆ ಚಿರತೆ ಕೊಂದವರ ಸಂಖ್ಯೆ ಸರಕಾರಿ ಲೆಕ್ಕದಲ್ಲಿ 125. ಯಾತ್ರಿಕರ ದಾರಿ, ಕತ್ತಲಾದೊಡನೆ ಬಾಗಿಲು ಜಡಿಯುವ ಹಳ್ಳಿಗಳು, ಗುರಿ ತಪ್ಪಿದ ರಾತ್ರಿಗಳು, ಎಲ್ಲ ಇವೆ. ಓದುವಾಗ ಮೈ ನಡುಗುತ್ತದೆ, ಓದಿದ ಮೇಲೆ ದಾಖಲೆ ತೆಗೆದು ನೋಡಿದರೂ ನಡುಕ ಕಡಿಮೆಯಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಇನ್ನೂ ಹೇಳಿಲ್ಲ. ‘ಮಹಾಪಲಾಯನ’ ಸುಳ್ಳೋ ನಿಜವೋ ಎಂಬ ಜಗಳದ ಗದ್ದಲದಲ್ಲಿ, ಸೈಬೀರಿಯಾದಿಂದ ನಿಜವಾಗಿ ಬದುಕಿ ಭಾರತಕ್ಕೆ ಬಂದ ಜನ ಮರೆಯಾಗಿದ್ದಾರೆ. ಅವರ ಸಂಖ್ಯೆ ನಾಲ್ಕಲ್ಲ, ಸಾವಿರಾರು. ಅವರು ಬಂದು ಉಳಿದ ಜಾಗವೂ ನಮಗೆ ದೂರವಲ್ಲ. ಕನ್ನಡ ನಾಡಿನ ಗಡಿಗೆ ಅಂಟಿಕೊಂಡ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಪೋಲಿಷ್ ನಿರಾಶ್ರಿತರ ದೊಡ್ಡದೊಂದು ಶಿಬಿರವಿತ್ತು. ಸುಮಾರು ಐದು ಸಾವಿರ ಮಂದಿ, ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. 1940–41ರಲ್ಲಿ ಮನೆಯಿಂದ ಎಬ್ಬಿಸಿ, ದನದ ಬಂಡಿಯಂಥ ರೈಲು ಡಬ್ಬಿಗಳಲ್ಲಿ ತುಂಬಿ, ಸೈಬೀರಿಯಾ, ಕಜಕಸ್ತಾನಗಳಿಗೆ ಸಾಗಿಸಿದ ಕುಟುಂಬಗಳು ಇವು. ಗಂಡಸರು ಸತ್ತಿದ್ದರು, ಇಲ್ಲವೇ ಸೈನ್ಯ ಸೇರಿದ್ದರು. ಯಾವ ಕ್ಷಮಾದಾನ ರಾವಿಚ್‌ನನ್ನು ಬಿಡಿಸಿತೋ ಅದೇ ಕ್ಷಮಾದಾನ ಇವರನ್ನೂ ಬಿಡಿಸಿತು. ಬಿಡುಗಡೆಯ ಕಾಗದ ಹಿಡಿದು ವಾರಗಟ್ಟಲೆ ರೈಲು ಕಾದು, ದಕ್ಷಿಣಕ್ಕೆ ಬಂದು, ಜ್ವರ, ಭೇದಿಗಳಲ್ಲಿ ಮಕ್ಕಳನ್ನು ಕಳೆದುಕೊಂಡು, ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನ್ ಸೇರಿ, ಹಡಗು ಹತ್ತಿ ಕರಾಚಿಗೆ ಬಂದು, ಅಲ್ಲಿಂದ ಪಂಚಗಂಗೆಯ ಸೀಮೆಗೆ ಬಂದವರು. ವಳಿವಡೆಯಲ್ಲಿ ಅವರಿಗೆ ಶಾಲೆ ಇತ್ತು, ಚರ್ಚು ಇತ್ತು, ಆಸ್ಪತ್ರೆ ಇತ್ತು.

ಈ ಕಥೆಯಲ್ಲಿ ತಂತಿಬೇಲಿ ದಾಟುವ ರಾತ್ರಿ ಇಲ್ಲ, ಹಿಮಮಾನವನೂ ಇಲ್ಲ. ಕಾಯುವುದು, ಸಾಲಿನಲ್ಲಿ ನಿಲ್ಲುವುದು, ಪಟ್ಟಿಯಲ್ಲಿ ಹೆಸರು ಸೇರಿತೋ ಇಲ್ಲವೋ ಎಂದು ನಡುಗುವುದು ಇದೆ. ಏಳು ಗಂಡಸರು ಕೊಡಲಿ ಹಿಡಿದು ಕಾಡು ಸೀಳಿ ಬಂದರು ಎಂಬುದು ಪುಸ್ತಕವಾಗಿ ದೇಶದೇಶ ತಿರುಗಿತು. ಹಸುಗೂಸು ಎತ್ತಿಕೊಂಡ ತಾಯಿ ಆರು ವಾರ ರೈಲು ನಿಲ್ದಾಣದಲ್ಲಿ ಬದುಕಿದ್ದನ್ನು ಕೇಳಲು ಹೊರಟವರು ಕಡಿಮೆ. ಸುಳ್ಳು ಆತ್ಮಕಥೆಯ ಹಾನಿ ಇರುವುದು ಇಲ್ಲಿ. ಒಬ್ಬ ಓದುಗನ ನಂಬಿಕೆ ಮುರಿಯಿತು ಎಂಬುದಕ್ಕಿಂತ, ಬದುಕಿ ಉಳಿಯುವುದೆಂದರೆ ಹೀಗೇ ಇರಬೇಕು ಎಂಬ ಒಂದು ಅಚ್ಚು ತಯಾರಾಗಿ ಉಳಿದವರ ಬದುಕು ಅದರಲ್ಲಿ ಹಿಡಿಸದೆ ಹೊರಗುಳಿಯಿತು ಎಂಬುದು ದೊಡ್ಡದು.

ಈ ಅಚ್ಚಿನ ಪೆಟ್ಟು ನಮ್ಮ ಸೀಮೆಗೂ ಬಿದ್ದಿದೆ. 1947–48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ನಿಜಾಮರ ಸೀಮೆಯ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಗಡಿಯಾಚೆಯ ಮುಂಬೈ ಪ್ರಾಂತದ ಊರುಗಳಿಗೆ ಓಡಿದವು. ಆಳಂದ, ಅಫಜಲಪುರಗಳ ಜನಕ್ಕೆ ಆ ಗಡಿ ಕಾಲ್ನಡಿಗೆಯ ದೂರ. ಅಡಗಲು ಇಲ್ಲಿ ಕಾಡೆಲ್ಲಿತ್ತು? ಬೆಳೆದು ನಿಂತ ಜೋಳ, ಹಳ್ಳದ ಕೊರಕಲು, ನಂಬಿಕಸ್ಥರ ಹಗೇವು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆಯಿಂದ ವಿಮೋಚನೆ ಸಿಕ್ಕ ಬಳಿಕ ಮರಳಿ ಬಂದವರು ಬಿಟ್ಟುಹೋದ ಮನೆ, ದನ, ಕಾಳುಗಳಲ್ಲಿ ಏನು ಉಳಿದಿದೆಯೆಂದು ನೋಡಬೇಕಾಯಿತು. ವಿಮೋಚನೆಯ ಚರಿತ್ರೆಯಲ್ಲಿ ಹೋರಾಟದ ಶಿಬಿರಗಳಿಗೆ, ನಾಯಕರಿಗೆ ಜಾಗ ಸಿಕ್ಕಿದೆ, ಸಿಗಬೇಕಾದದ್ದೇ. ರಾತ್ರಿ ಗಂಟುಮೂಟೆ ಕಟ್ಟಿಕೊಂಡು, ಅಳುವ ಕೂಸಿನ ಬಾಯಿಗೆ ಸೆರಗು ಒತ್ತಿಕೊಂಡು ನಡೆದವರ ನಡಿಗೆಗೆ ಅಷ್ಟು ಪುಟ ಸಿಕ್ಕಿಲ್ಲ, ಏಕೆಂದರೆ ಅದು ಸಾಹಸದ ಹಾಗೆ ಕಾಣುವುದಿಲ್ಲ. ಮೂವತ್ತು ಮೈಲಿ ನಡೆದದ್ದನ್ನು 6,400 ಕಿಲೋಮೀಟರಿನ ಪಕ್ಕ ಇಟ್ಟರೆ ಯಾರು ಓದುತ್ತಾರೆ ಎಂಬ ಅಳುಕು ಹೇಳುವವರ ಬಾಯಿ ಕಟ್ಟುತ್ತದೆ.

ಹಾಗಾದರೆ ‘ಮಹಾಪಲಾಯನ’ವನ್ನು ಕಪಾಟಿನಿಂದ ತೆಗೆದುಬಿಡಬೇಕೇ? ಖಂಡಿತ ಬೇಡ. ರಾವಿಚ್ ಸೋವಿಯತ್ ಸೆರೆಯಲ್ಲಿದ್ದದ್ದು ನಿಜ. ಅಲ್ಲಿಯ ಕ್ರೌರ್ಯದ ಪುಟಗಳಿಗೆ ಅವನದೇ ಅನುಭವದ ತಳಪಾಯವಿದೆ. ಕನ್ನಡದ ಮಟ್ಟಿಗಂತೂ ಅದಕ್ಕೆ ಇನ್ನೊಂದು ಬೆಲೆ ಇದೆ. ಕಥೆ, ಕಾದಂಬರಿ ಎಂದರೆ ಹಿಂಜರಿಯುತ್ತಿದ್ದ ಎಷ್ಟೋ ತರುಣರನ್ನು ತೇಜಸ್ವಿಯವರ ಇಂಥ ಪುಸ್ತಕಗಳು ಓದಿನ ದಾರಿಗೆ ಹಚ್ಚಿವೆ. ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ರಟ್ಟು ಹರಿದು, ಪುಟದ ಅಂಚು ಕಪ್ಪಾಗಿರುವ ಪುಸ್ತಕಗಳ ಸಾಲಿನಲ್ಲಿ ಇಂಥವು ಇರುತ್ತವೆ. ಅಂಥ ಪುಸ್ತಕದ ಬಗ್ಗೆ ಓದುಗರು ಜಗಳವಾಡುವುದೂ ಒಳ್ಳೆಯದೇ. ಆದರೆ ಜಗಳ ನಡೆಯಲು ಎರಡೂ ಕಡೆಯವರ ಕೈಯಲ್ಲಿ ಕಾಗದಪತ್ರ ಇರಬೇಕು. ಕನ್ನಡದ ಪ್ರತಿಯೊಂದು ಮುದ್ರಣದಲ್ಲೂ ನಾಲ್ಕು ಪುಟದ ಟಿಪ್ಪಣಿ ಇರಲಿ: 1956ರ ಅನುಮಾನಗಳು, 2006ರ ಕಡತಗಳು, ಮೇನ್ ಮತ್ತು ಗ್ಲಿನ್ಸ್ಕಿಯವರ ಮಾತುಗಳು, ಇಷ್ಟೂ ಓದುಗನ ಮುಂದಿರಲಿ. ಇದರಿಂದ ರೋಚಕತೆ ಕೆಡುತ್ತದೆ ಎಂಬ ಭಯ ಬೇಡ. ಒಬ್ಬ ಮನುಷ್ಯ ಬಿಡುಗಡೆಯಾಗಿದ್ದೂ ತಪ್ಪಿಸಿಕೊಂಡೆ ಎಂದು ಐವತ್ತು ವರ್ಷ ಏಕೆ ಹೇಳಿದ ಎಂಬುದು ಆ ಪುಸ್ತಕದಲ್ಲಿರುವ ಯಾವ ಘಟನೆಗೂ ಕಡಿಮೆಯ ರಹಸ್ಯವಲ್ಲ.

ಅದರ ಜೊತೆಗೆ ಇನ್ನೊಂದು ಕೆಲಸ ಆಗಬೇಕು. ವಳಿವಡೆಯ ಶಿಬಿರದಲ್ಲಿ ಬೆಳೆದ ಮಕ್ಕಳು ಮುಂದೆ ದೊಡ್ಡವರಾಗಿ, ಭಾರತದ ಆ ವರ್ಷಗಳ ನೆನಪುಗಳನ್ನು ಒಟ್ಟುಗೂಡಿಸಿ ಪುಸ್ತಕ ಮಾಡಿದ್ದಾರೆ. ಅದು ಪೋಲಿಷ್ ಭಾಷೆಯಿಂದ ಇಂಗ್ಲಿಷಿಗೂ ಬಂದಿದೆ. ಅದರ ಆಯ್ದ ಭಾಗವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಬೆಳಗಾವಿಯ ಕಡೆಯವರೋ ಕಲಬುರಗಿಯ ಕಡೆಯವರೋ ಕೈಹಾಕಬಹುದು. ಭಾಷಾಂತರ ಮಾಡುವವರು ರಜಾಕಾರರ ಕಾಲದ ವಲಸೆಯನ್ನು ಬಾಲ್ಯದಲ್ಲಿ ಕಂಡ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಬದುಕಿರುವಾಗಲೇ ಅವರ ಮಾತನ್ನೂ ಬರೆದುಕೊಳ್ಳಲಿ. ಆಗ ಎಂಟು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ.